ಗೇಟಿನ ವಿಚಾರವಾಗಿ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಯೇಸುವಿನ ತಾಯಿ ಮರಿಯಳ ಹುಟ್ಟುಹಬ್ಬವಾದ ಮೊಂತಿ ಹಬ್ಬ ಕಳೆದು ಮಕ್ಕಳು ಶಾಲೆಗೆ ಬಂದಿದ್ದಾರೆ. ಅವರ ಜೊತೆ ನಿಮ್ಮಲ್ಲಿ ಕೆಲವರ ದೂರುಗಳೂ ಬಂದಿವೆ. ಎಲ್ಲರದ್ದೂ ಒಂದೇ ಮಾತು: "ತಡವಾಗಿ ಬಂದವರನ್ನೂ ಸುಮ್ನೆ ಒಳಗೆ ಬಿಡ್ತೀರಂತೆ, ಶಿಸ್ತು ಎಲ್ಲಿ ಹೋಯ್ತು?"

ಹೌದು, ಸೆಪ್ಟೆಂಬರ್ 1ರಿಂದ ಪ್ರಾರ್ಥನೆಯ ಬೆಲ್ ಆದ ಮೇಲೆ ಗೇಟಿಗೆ ಬೀಗ ಹಾಕುತ್ತಿಲ್ಲ. ಯಾವ ಮಗುವನ್ನೂ ಹೊರಗೆ ನಿಲ್ಲಿಸುತ್ತಿಲ್ಲ.

ಕಾರಣ ಹೇಳುತ್ತೇನೆ. ಆಗಸ್ಟಿನ ಒಂದು ಸೋಮವಾರ ಜೋರು ಮಳೆ. ಅಸೆಂಬ್ಲಿ ಮುಗಿಸಿ ಬರುವಾಗ ನೋಡಿದೆ, ಗೇಟಿನ ಆಚೆ ಒಂದನೇ ತರಗತಿಯ ಮಗು, ಪಕ್ಕದಲ್ಲಿ ಐದನೇ ತರಗತಿಯ ಅಕ್ಕ. ಇಬ್ಬರಿಗೂ ಸೇರಿ ಒಂದೇ ಕೊಡೆ. ಅಕ್ಕ ಅದನ್ನು ತಂಗಿಯ ಬ್ಯಾಗಿಗೆ ಹಿಡಿದಿದ್ದಳು, ಪುಸ್ತಕ ಒದ್ದೆಯಾದರೆ ಮಿಸ್ ಬೈತಾರೆ ಅಂತ. ಇಬ್ಬರ ತಲೆಯಿಂದಲೂ ನೀರು ಇಳಿಯುತ್ತಿತ್ತು. ಅಷ್ಟು ಹೊತ್ತೂ ನಾವು ಒಳಗೆ ಮೈಕಿನಲ್ಲಿ ಪ್ರಾರ್ಥನೆ ಹೇಳುತ್ತಿದ್ದೆವು. ವಾಚ್‌ಮನ್ ಅವರನ್ನು ದೂರುವಂತಿಲ್ಲ. ಬೀಗ ಹಾಕಿ ಅಂದವಳು ನಾನೇ.

ಬೈಬಲಿನಲ್ಲಿ ಸಂತ ಮಾರ್ಕನ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಜನ ತಮ್ಮ ಮಕ್ಕಳನ್ನು ಯೇಸುವಿನ ಹತ್ತಿರ ಕರೆತರುತ್ತಾರೆ. ತಡೆದು ಗದರಿಸಿದ್ದು ಹೊರಗಿನವರಲ್ಲ, ಯೇಸುವಿನ ಶಿಷ್ಯರೇ. ಗುರುಗಳಿಗೆ ತೊಂದರೆ ಬೇಡ ಅಂದುಕೊಂಡಿರಬೇಕು, ಪಾಪ. ಯೇಸು ಸಿಟ್ಟಾಗಿದ್ದು ಮಕ್ಕಳ ಮೇಲಲ್ಲ, ತಡೆದವರ ಮೇಲೆ. ಆಮೇಲೆ ಮಕ್ಕಳನ್ನು ಅಪ್ಪಿಕೊಂಡು ಹರಸಿದರು. ಈ ಭಾಗವನ್ನು ಎಷ್ಟೋ ಸಲ ಓದಿದ್ದೇನೆ. ಆ ದಿನ ಮಾತ್ರ ನಾನು ಯಾರ ಜಾಗದಲ್ಲಿ ನಿಂತಿದ್ದೇನೆ ಅಂತ ಗೊತ್ತಾಯಿತು.

ನಮ್ಮಲ್ಲಿ ಎಲ್ಲ ಮತದ ಮನೆಗಳ ಮಕ್ಕಳೂ ಇದ್ದಾರೆ. ಇದನ್ನು ಅವರಿಗೆ ಪಾಠ ಮಾಡಲು ಹೇಳುತ್ತಿಲ್ಲ. ಇದು ಶಾಲೆ ನಡೆಸುವ ನಮಗಿರುವ ಕಟ್ಟುಪಾಡು. ಮಗುವಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಕೂಡದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಹೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ನಾವು ಇದನ್ನು ಮಾಡಲೇಬೇಕಿತ್ತು.

ಮೊಂತಿ ಹಬ್ಬದ ನೊವೆನಾಕ್ಕೆ, ಅಂದರೆ ಹಬ್ಬಕ್ಕೆ ಮುಂಚಿನ ಒಂಬತ್ತು ದಿನಗಳ ಪ್ರಾರ್ಥನೆಗೆ, ನಿಮ್ಮ ಮಕ್ಕಳೂ ಬಂದಿರಬಹುದು. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲೆ ಮರಿಯಳಿಗೆ ಅರ್ಪಿಸುತ್ತಾರೆ. ಒಬ್ಬರ ಬುಟ್ಟಿ ತುಂಬ ಸೇವಂತಿಗೆ, ಇನ್ನೊಬ್ಬರದ್ದರಲ್ಲಿ ಬೇಲಿಯ ಎರಡು ದಾಸವಾಳ. ಕೆಲವರು ಓಡೋಡಿ ಕೊನೆಗೆ ಬಂದು ಸೇರುತ್ತಾರೆ. ಯಾರೂ ಅವರನ್ನು ವಾಪಸ್ ಕಳಿಸುವುದಿಲ್ಲ. ಸೆಪ್ಟೆಂಬರ್ 8ರಂದು ಕಬ್ಬು ಹಂಚುವಾಗ ಅವರ ಕೈಗೂ ಕಬ್ಬು ಬರುತ್ತದೆ. ಚರ್ಚಿನ ಅಂಗಳದಲ್ಲಿ ಆಗುವುದು ಶಾಲೆಯ ಗೇಟಿನಲ್ಲೂ ಆಗಬೇಕು ಅಲ್ವಾ?

ಹಾಗಂತ ತಡವಾದರೆ ಪರವಾಗಿಲ್ಲ ಅಂತ ನಾನು ಹೇಳಿಲ್ಲ. ದಯವಿಟ್ಟು ಹಾಗೆ ತಿಳಿಯಬೇಡಿ. ದಿನಾ ಸಮಯಕ್ಕೆ ಬರುವ ಮಕ್ಕಳ, ಅದಕ್ಕಾಗಿ ಬೆಳಿಗ್ಗೆ ಒದ್ದಾಡುವ ಅಮ್ಮಂದಿರ ಕಷ್ಟ ನನಗೆ ಗೊತ್ತು. ತಡವಾಗಿ ಬಂದ ಮಗು ಮೊದಲು ಒಳಗೆ ಬರುತ್ತದೆ, ಒದ್ದೆಯಾಗಿದ್ದರೆ ಟವೆಲ್ ಕೊಡುತ್ತೇವೆ, ಆಮೇಲೆ ಡೈರಿಯಲ್ಲಿ ಬರೆಯುತ್ತೇವೆ. ಮೂರು ಸಲ ಆದರೆ ನಿಮ್ಮನ್ನೇ ಕರೆಸುತ್ತೇವೆ. ಬಸ್ಸು ತಪ್ಪಿಸಿದ್ದು ಆರು ವರ್ಷದ ಮಗುವಲ್ಲ, ಅದನ್ನು ಯಾಕೆ ನಿಲ್ಲಿಸಬೇಕು? ನಿಯಮ ಇದೆ, ಇರುತ್ತದೆ. ಆದರೆ ಗೇಟು ಮಾತ್ರ ಮುಚ್ಚುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ, ಈ ಒಂದು ವಿಷಯದಲ್ಲಿ ನಾನು ಹಿಂದೆ ಸರಿಯಲಾರೆ.

ಬೆಳಿಗ್ಗೆ 8.45ಕ್ಕೆ ಮಗು ಶಾಲೆಯ ಒಳಗಿರುವ ಹಾಗೆ ಮನೆಯಿಂದ ಹೊರಡಿಸಿ.

ಇನ್ನೂ ಮಾತಾಡಬೇಕು ಅನ್ನಿಸಿದರೆ ಸಂಜೆ 4ರ ನಂತರ ಆಫೀಸಿಗೆ ಬನ್ನಿ, ಇರುತ್ತೇನೆ.

ಇತಿ ನಿಮ್ಮ,
ಮುಖ್ಯ ಶಿಕ್ಷಕಿ