ಸ್ಕ್ರೂ ತಿರುಗಿಸುವ ಮೊದಲು ಇದನ್ನು ಓದು, ಮಗಳೇ

ಮಗಳೇ,

ಗೋಲಗುಂಬಜ್ ಎಕ್ಸ್‌ಪ್ರೆಸ್ ಈಗ ಬಾಗಲಕೋಟೆ ದಾಟಿರಬೇಕು. ನೀನು ಫೋನ್ ಎತ್ತುತ್ತಿಲ್ಲ. ಎತ್ತದಿದ್ದರೂ ಮೆಸೇಜ್ ಓದ್ತೀಯ ಅಂತ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ. ಮನೆಯಲ್ಲಿ ಯಾರು ಏನಂದರು ಅನ್ನೋದು ಬೇಡ, ಇಬ್ಬರಿಗೂ ನೆನಪಿದೆ. ನಿನ್ನ ಚಿಕ್ಕಪ್ಪನ ಮುಂದೆ ಹಾಗೆ ಅನ್ನಬಾರದಿತ್ತು, ಬೇಜಾರು ಮಾಡ್ಕೋಬೇಡ. ಆದರೆ ಪಿಸ್ತೂಲಿನ ಮಾತು ಇನ್ನೂ ಮುಗಿದಿಲ್ಲ.

ನಿನ್ನ ಹೊಸ ಏರ್ ಪಿಸ್ತೂಲಿನ ಗುಂಡು ಎಡಕ್ಕೆ ಬೀಳುತ್ತಿದೆ. ಗುರಿ ಹಿಡಿಯುವ ಎರಡು ಸೈಟುಗಳಲ್ಲಿ ಕಣ್ಣಿನ ಕಡೆ ಇರುವ ಹಿಂದಿನ ಸೈಟ್ ಮಧ್ಯದಲ್ಲಿಲ್ಲ, ಒಂದು ಬದಿಗೆ ಸರಿದಿದೆ ಅಂತ ನೀನು ತೋರಿಸಿದೆ. ನಿಜ, ಕಣ್ಣಿಗೇ ಕಾಣುತ್ತದೆ. ಆದರೆ ಸೈಟ್ ಮಧ್ಯದಲ್ಲಿ ಕೂತಿಲ್ಲ ಅನ್ನೋದೇ ದೋಷ ಅಲ್ಲ. ಫ್ಯಾಕ್ಟರಿಯಲ್ಲಿ ಯಾರದೋ ಕೈ, ಯಾರದೋ ಕಣ್ಣು ನೋಡಿ ಅದನ್ನು ಕೂರಿಸಿರ್ತಾರೆ. ನಿನ್ನ ಕೈಗೆ ಅದು ಬೇರೆ ಜಾಗದಲ್ಲಿ ಕೂತರೂ ಪರವಾಗಿಲ್ಲ, ಗುಂಡು ನಡುವಿನ ಹತ್ತು ಅಂಕದ ವೃತ್ತಕ್ಕೆ ಬಿದ್ದರೆ ಸಾಕು. ಸೈಟ್ ಒಂದು ಕಡೆಯ ಕೊನೆಯವರೆಗೂ ಹೋಗಿ ಇನ್ನು ಸರಿಯೋಕೆ ಜಾಗವೇ ಇಲ್ಲ ಅಂದರೆ ಮಾತ್ರ ಅಂಗಡಿಯವರಿಗೆ ವಾಪಸ್ ಕಳಿಸಬೇಕು.

ನನಗೆ ಭಯ ಇರೋದು ಬೇರೆ ಕಡೆ. ಹೋದ ವರ್ಷದ ಸ್ಪರ್ಧೆ ನೆನಪಿದೆಯಲ್ಲ? ನಾನು ಹಿಂದೆ ಕುರ್ಚಿಯಲ್ಲಿ ಕೂತಿದ್ದೆ. ನಿನ್ನ ಮೊದಲ ಸರಣಿ ಚೆನ್ನಾಗಿತ್ತು. ಆಮೇಲೆ ಒಂದು ಗುಂಡು ಎಂಟಕ್ಕೆ ಬಿತ್ತು, ಎಡಗಡೆ. ನೀನು ಪಿಸ್ತೂಲ್ ಇಳಿಸಿ ಸೈಟ್ ಸರಿಸುವ ಸ್ಕ್ರೂ ತಿರುಗಿಸಿದೆ. ಮುಂದಿನದು ಬಲಕ್ಕೆ ಹೋಯಿತು, ಮತ್ತೆ ತಿರುಗಿಸಿದೆ. ಹಿಂದೆ ಕೂತವರು ನಿನಗೆ ಏನೂ ಹೇಳುವ ಹಾಗಿಲ್ಲ. ನಾನು ಸೀರೆ ಸೆರಗು ಹಿಡ್ಕೊಂಡು ಸುಮ್ನೆ ಕೂತಿದ್ದೆ. ಪ್ರತಿ ಗುಂಡಿನ ಮೇಲೂ ನಿನ್ನ ಕೈ ಆ ಪುಟ್ಟ ಸ್ಕ್ರೂಗೆ ಹೋಗುತ್ತಿತ್ತು. ಅದು ನಿಜಕ್ಕೂ ಸೈಟಿನ ತಪ್ಪೇ ಆಗಿದ್ದರೆ ಮೊದಲ ಸರಣಿ ಹೇಗೆ ಚೆನ್ನಾಗಿ ಬಂತು ಅಂತ ಎದ್ದು ನಿಂತು ಕೂಗಬೇಕು ಅನಿಸಿತ್ತು. ಕೊನೆಗೆ ನೀನು ಯಾವ ಕಡೆಗೆ ಎಷ್ಟು ತಿರುಗಿಸಿದೆ ಅಂತ ನಿನಗೇ ಗೊತ್ತಿರಲಿಲ್ಲ. ವಾಪಸ್ ಬರುವಾಗ ಹುಬ್ಬಳ್ಳಿ ತನಕ ನೀನು ಮಾತಾಡಲಿಲ್ಲ. ಈಗಲೂ ಕಣ್ಣು ಮುಚ್ಚಿದರೆ ನಿನ್ನ ಎಡಗೈ ಸ್ಕ್ರೂ ಕಡೆಗೆ ಹೋಗೋದೇ ಕಾಣುತ್ತದೆ. ಹೊಸ ಪಿಸ್ತೂಲ್ ಬಂದ ದಿನದಿಂದ ಅದೇ ಕಾಣುತ್ತಿದೆ.

ಹಾಗಂತ ಕೈಯದ್ದೇ ತಪ್ಪು ಅಂತ ನಾನು ಹಟ ಹಿಡಿಯೋದಿಲ್ಲ. ಯಂತ್ರವೂ ಕೈ ಕೊಡುತ್ತದೆ. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ದೇಶದ ಶೂಟರ್ ಮನು ಭಾಕರ್ ಪಿಸ್ತೂಲ್ ಅರ್ಹತಾ ಸುತ್ತಿನ ನಡುವೆಯೇ ಕೆಟ್ಟಿತು, ಸಮಯ ಹೋಯಿತು, ಫೈನಲ್ ತಪ್ಪಿತು. ಅದೇ ಹುಡುಗಿ 2024ರಲ್ಲಿ ಪ್ಯಾರಿಸ್‌ನಲ್ಲಿ ಎರಡು ಕಂಚು ತಂದಳು. ಆದ್ದರಿಂದ ಪಿಸ್ತೂಲಿನ ಮೇಲೆ ಅನುಮಾನ ಪಡು, ತಪ್ಪಿಲ್ಲ. ಆದರೆ ಮೊದಲು ಪರೀಕ್ಷೆ ಮಾಡು.

ಬೆಂಗಳೂರಿನ ರೇಂಜಿಗೆ ಹೋದ ಮೇಲೆ ಮೊದಲ ಕೆಲಸ, ಮುಂದಿನ ಸೈಟ್, ಹಿಂದಿನ ಸೈಟ್ ಎರಡರ ಸ್ಕ್ರೂಗಳೂ ಬಿಗಿ ಇದೆಯಾ ನೋಡು. ರೈಲಿನ ಅಲುಗಾಟಕ್ಕೆ ಸಡಿಲ ಆಗಿರಬಹುದು. ಆಮೇಲೆ ಮೇಜಿನ ಮೇಲೆ ಮರಳಿನ ಚೀಲ ಇಟ್ಟು, ಕೈಗೆ ಆಸರೆ ಕೊಟ್ಟು ಐದು ಗುಂಡು ಹೊಡಿ. ನಡುವೆ ಸ್ಕ್ರೂ ಮುಟ್ಟಬೇಡ. ಮತ್ತೆ ಐದು. ಇನ್ನೊಬ್ಬರು ಒಳ್ಳೆ ಶೂಟರ್ ಸಿಕ್ಕರೆ ಅವರಿಗೂ ಐದು ಹೊಡೆಯಲು ಕೊಡು. ಎಲ್ಲಾ ಒಂದೇ ಕಡೆ ಒತ್ತಾಗಿ ಎಡಕ್ಕೆ ಬಿದ್ದರೆ ಅದು ಸೈಟ್. ಆಸರೆಯಲ್ಲಿ ಮಧ್ಯಕ್ಕೆ ಬಿದ್ದು, ನಿಂತು ಹೊಡೆದಾಗ ಮಾತ್ರ ಎಡಕ್ಕೆ, ಕೆಳಕ್ಕೆ ಹೋದರೆ ಅದು ಬೆರಳು. ಬಲಗೈಯವರು ಟ್ರಿಗರ್ ಎಳೆಯುವಾಗ ಇಡೀ ಕೈ ಹಿಂಡಿದರೆ ಹಾಗೇ ಆಗುತ್ತದೆ. ಮಣಿಕಟ್ಟು ಎಡಕ್ಕೆ ವಾಲಿದರೂ ಹಾಗೇ ಆಗುತ್ತದೆ. ಹೊಸ ಮರದ ಹಿಡಿ ನಿನ್ನ ಅಂಗೈಗೆ ಇನ್ನೂ ಕೂತಿಲ್ಲ ಅಂತ ನನಗನಿಸುತ್ತದೆ. ಕಣ್ಣು ಮುಚ್ಚಿ ಕೈ ಎತ್ತು, ತೆರೆದು ನೋಡು. ಮುಂದಿನ ಸೈಟ್ ತಾನಾಗೇ ಹಿಂದಿನ ಸೈಟಿನ ಸಂದಿಯ ನಡುವೆ ಬರಬೇಕು. ಬರದಿದ್ದರೆ ಸೈಟ್ ಮುಟ್ಟದೆ ಹಿಡಿಯನ್ನು ಉಜ್ಜಿ ಸರಿ ಮಾಡಿಸು.

ಸೈಟೇ ಅಂತ ಖಚಿತ ಆದರೆ ಧೈರ್ಯವಾಗಿ ತಿರುಗಿಸು, ಅದಕ್ಕೆಂದೇ ಆ ಸ್ಕ್ರೂ ಇರೋದು. ನಮ್ಮ ಪೊಲೀಸ್ ಫೈರಿಂಗ್‌ನಲ್ಲಿ .303 ರೈಫಲಿನ ಮುಂದಿನ ಸೈಟನ್ನು ಬಂದೂಕು ರಿಪೇರಿ ಮಾಡುವ ಆರ್ಮರರ್ ಸರಿಸುತ್ತಿದ್ದರು, ಗುಂಡು ಹೋದ ಕಡೆಗೇ ಸರಿಸಬೇಕಿತ್ತು. ನಿನ್ನದರಲ್ಲಿ ಸರಿಯೋದು ಹಿಂದಿನದು, ಲೆಕ್ಕ ಉಲ್ಟಾ. ಗುಂಡು ಬಲಕ್ಕೆ ಬರಬೇಕಾದರೆ ಹಿಂದಿನ ಸೈಟ್ ಬಲಕ್ಕೆ, ಮೇಲೆ ಬರಬೇಕಾದರೆ ಮೇಲಕ್ಕೆ. ಸ್ಕ್ರೂ ಪಕ್ಕದ ಬಾಣದ ಗುರುತನ್ನು ನಂಬಿ ಕೂರಬೇಡ. ಸ್ಕ್ರೂ ಟಿಕ್ ಅನ್ನೋ ಹಾಗೆ ನಾಲ್ಕು ಕ್ಲಿಕ್ ತಿರುಗಿಸಿ, ಐದು ಹೊಡೆದು, ಗುಂಪು ಯಾವ ಕಡೆ ಎಷ್ಟು ಸರಿಯಿತು ಅಂತ ಸ್ಕೇಲ್ ಹಿಡಿದು ಅಳೆ. ಒಂದು ಕ್ಲಿಕ್ಕಿಗೆ ಎಷ್ಟು ಅಂತ ಆಗ ತಾನಾಗೇ ಗೊತ್ತಾಗುತ್ತದೆ.

ಇನ್ನೊಂದು ಲೆಕ್ಕ. ಎರಡು ಸೈಟುಗಳ ನಡುವೆ ಸುಮಾರು 330 ಮಿಲಿಮೀಟರ್ ಅಂತ ಇಟ್ಕೋ. ಗುರಿ ಹತ್ತು ಮೀಟರ್ ದೂರ. ಅಂದರೆ ಸೈಟ್ ಸರಿದದ್ದು ಗುರಿಯಲ್ಲಿ ಮೂವತ್ತು ಪಟ್ಟು ಕಾಣುತ್ತದೆ. ಎಂಟರ ನಡುವೆ ಬೀಳುವ ಗುಂಪು ಮಧ್ಯದಿಂದ ಸುಮಾರು 18 ಮಿಲಿಮೀಟರ್ ದೂರ, ಹಾಗಾದರೆ ಸೈಟ್ ಸರಿಯಬೇಕಾದ್ದು ಬರೀ 0.6 ಮಿಲಿಮೀಟರ್. ಹತ್ತರ ವೃತ್ತವೇ 11.5 ಮಿಲಿಮೀಟರ್ ಅಗಲ. ಸಾಸಿವೆಗಿಂತ ಕಡಿಮೆ ಸರಿದರೂ ಪದಕ ಹೋಗುತ್ತದೆ ಅನ್ನೋದು ನಿನಗೆ ಗೊತ್ತು, ಆದರೂ ಹೇಳುತ್ತಿದ್ದೇನೆ. ಮೊದಲು ಎಡಬಲ ಸರಿ ಮಾಡು, ಮೇಲೆ ಕೆಳಗೆ ಆಮೇಲೆ. ಗುರಿಯ ಕಪ್ಪು ವೃತ್ತಕ್ಕೂ ಮುಂದಿನ ಸೈಟಿಗೂ ನಡುವೆ ಬಿಡುವ ಬಿಳಿ ಸಂದು ಪ್ರತಿ ಸಲ ಅಷ್ಟೇ ಇರಲಿ. ಕಣ್ಣು ಮುಂದಿನ ಸೈಟಿನ ಮೇಲಿರಲಿ, ಗುರಿ ಮಸುಕಾಗಿಯೇ ಕಾಣಲಿ. ತಿರುಗಿಸಿದ್ದನ್ನೆಲ್ಲ ಪುಸ್ತಕದಲ್ಲಿ ಬರಿ, ಅಂದಿನ ಬೆಳಕು ಹೇಗಿತ್ತು ಅಂತಲೂ ಬರಿ.

ನೋಡು, ಪಾಠ ಮಾಡೋದು ಬೇಡ ಅಂದ್ಕೊಂಡೇ ಶುರು ಮಾಡಿದ್ದೆ.

ಒಂದು ಮಾತು ನಿನಗೆ ಯಾವತ್ತೂ ಹೇಳಿಲ್ಲ. ನೀನು ಚಿಕ್ಕವಳಿದ್ದಾಗ ವಿಜಯಪುರದ ಮಲಿಕ್-ಎ-ಮೈದಾನ್ ಫಿರಂಗಿಯ ಹಿಂದೆ ನಿಂತು, ಇದಕ್ಕೆ ಗುರಿ ಹಿಡಿಯೋದು ಎಲ್ಲಿಂದ ಅಂತ ಕೇಳಿದ್ದೆ. ಸುತ್ತಲೂ ಎಲ್ಲರೂ ಸಿಂಹದ ಬಾಯಿ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಈ ಹುಡುಗಿ ಬೇರೆ ಅಂತ ಅವತ್ತೇ ಅನಿಸಿತ್ತು. ಈಗ ಸ್ಟೇಷನ್ನಿನಲ್ಲಿ ಯಾರಾದರೂ ಕೇಳಿದರೆ ನನ್ನ ಮಗಳು ಶೂಟರ್ ಅಂತ ಸ್ವಲ್ಪ ಜೋರಾಗಿಯೇ ಹೇಳ್ತೀನಿ. ಸೊಸೈಟಿ ಸಾಲದ ಚಿಂತೆ ನಿನಗೆ ಬೇಡ. ಅದನ್ನು ತಲೆಯಲ್ಲಿ ಇಟ್ಕೊಂಡು ಪ್ರತಿ ಗುಂಡು ಹೊಡೆಯೋದಾದರೆ ಪಿಸ್ತೂಲ್ ಕೊಡಿಸಿದ್ದೇ ದಂಡ.

ಸ್ಪರ್ಧೆಯ ಮೊದಲಿನ ಹದಿನೈದು ನಿಮಿಷ ಎಷ್ಟು ಬೇಕಾದರೂ ಪರೀಕ್ಷೆಯ ಗುಂಡು ಹೊಡೀಬಹುದು. ಬೇಕಾದರೆ ಅಲ್ಲಿ ಒಂದೆರಡು ಕ್ಲಿಕ್ ತಿರುಗಿಸು. ಲೆಕ್ಕದ ಗುಂಡು ಶುರುವಾದ ಮೇಲೆ, ಒಂದೇ ಒಂದು ಗುಂಡು ನೋಡಿ ಕೈ ಹಾಕಬೇಡ. ಟ್ರಿಗರ್ 500 ಗ್ರಾಂ ತೂಕವನ್ನು ಬಿಡದೆ ಎತ್ತುತ್ತಾ ಅಂತ ಹಿಂದಿನ ದಿನವೇ ತೂಕ ಹಾಕಿಸು, ಹೊಸದು ಅಲ್ವಾ. ಪಿಸ್ತೂಲಿನ ಗಾಳಿಯ ಸಿಲಿಂಡರ್ ಅವಧಿ ಮುಗಿದಿಲ್ಲವಾ ಅಂತ ಅದರ ಮೇಲಿನ ತಾರೀಖೂ ನೋಡು.

ಸಣ್ಣ ಸ್ಕ್ರೂಡ್ರೈವರ್ ಪೆಟ್ಟಿಗೆಯಲ್ಲಿಲ್ಲ, ನೀನು ಮರೆತಿದ್ದೆ. ಕಡಕ್ ರೊಟ್ಟಿ ಕಟ್ಟಿದ ಚೀಲದ ಬದಿಯ ಜೇಬಿನಲ್ಲಿ ಹಾಕಿದ್ದೇನೆ. ಶೇಂಗಾ ಚಟ್ನಿಯ ಡಬ್ಬಿ ಬಿಗಿಯಾಗಿ ಮುಚ್ಚು, ಎಣ್ಣೆ ಸೋರುತ್ತದೆ. ನಾಳೆ ಆಸರೆಯಲ್ಲಿ ಹೊಡೆದ ಐದು ಗುಂಡಿನ ಕಾಗದದ ಫೋಟೋ ಕಳಿಸು. ಮಾತಾಡೋಕೆ ಮನಸ್ಸಿಲ್ಲದಿದ್ದರೆ ಬರೀ ಫೋಟೋ ಸಾಕು.

ನಿನ್ನ ಅವ್ವ