ಕಥೆಗೆ ಹೂಂಗುಟ್ಟುವವರು ಬೇಕು

ಮಾನ್ಯ ಸಂಪಾದಕರೇ,

ಮಾರ್ಚ್ 20 ವಿಶ್ವ ಕಥೆ ಹೇಳುವ ದಿನವಂತೆ. ಆ ದಿನ ಬಂತೆಂದರೆ ವಾಟ್ಸ್ಯಾಪ್ ತುಂಬಾ ‘ಅಜ್ಜಿ ಕಥೆಗಳು ಮರೆಯಾಗುತ್ತಿವೆ’ ಅನ್ನುವ ಗೋಳು. ಅಜ್ಜಿಯರು ಎಲ್ಲೂ ಹೋಗಿಲ್ಲ ಸ್ವಾಮಿ, ಜಗುಲಿ ಮೇಲೇ ಕೂತಿದ್ದಾರೆ. ಹೂಂಗುಟ್ಟುವವರಿಲ್ಲ, ಅಷ್ಟೆ.

‘ಹೂಂ ಅನ್ನಬೇಕು, ಇಲ್ಲಾಂದ್ರೆ ಹೇಳಲ್ಲ’ ಅಂತ ಷರತ್ತು ಹಾಕಿಯೇ ಕಥೆ ಶುರುವಾಗುತ್ತಿತ್ತಲ್ವಾ? ಮಕ್ಕಳು ಎಚ್ಚರ ಇದ್ದಾರಾ ಅಂತ ನೋಡೋಕೆ ಮಾತ್ರ ಅಲ್ಲ ಅದು. ಹೂಂ ಜೋರಾಗಿ ಬಂದರೆ ರಾಕ್ಷಸನಿಗೆ ಇನ್ನೆರಡು ಕೋರೆಹಲ್ಲು ಮೂಡುತ್ತಿದ್ದವು, ಸಣ್ಣಗಾದರೆ ರಾಜಕುಮಾರನ ಮದುವೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಪಶ್ಚಿಮ ಆಫ್ರಿಕಾದ ಮಾಲಿ ಕಡೆಯ ಗ್ರಿಯೊ ಅನ್ನುವ ಕಥೆಗಾರರಲ್ಲೂ ಹೀಗೇ ಇದೆ. 13ನೇ ಶತಮಾನದ ಸುಂಡಿಯಾಟಾ ರಾಜನ ಕಥೆಯನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದವರು ಅವರು. ಗ್ರಿಯೊ ಕಥೆ ಹೇಳುವಾಗ ಒಬ್ಬ ಪಕ್ಕದಲ್ಲಿದ್ದು ‘ನಾಮು, ನಾಮು’ ಅಂತ ಹೂಂಗುಟ್ಟುತ್ತಿರುತ್ತಾನೆ. ಅದೇ ಅವನ ಕೆಲಸ.

ಈ ಗ್ರಿಯೊಗಳ ಬಗ್ಗೆ ಓದಿದಾಗೆಲ್ಲ ನನಗೆ ನಮ್ಮ ಹೆಳವರು ನೆನಪಾಗುತ್ತಾರೆ. ಗ್ರಿಯೊಗಳು ರಾಜರ ವಂಶ ಹೇಳಿದರೆ, ಹೆಳವರು ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಬಂದು ನಮ್ಮ ನಿಮ್ಮಂಥ ರೈತರ ವಂಶ ಹೇಳುತ್ತಿದ್ದರು. ನಿಮ್ಮ ಮುತ್ತಾತ ಯಾರು, ಯಾವ ಊರು ಬಿಟ್ಟು ಬಂದ, ಎಷ್ಟು ಜನ ಮಕ್ಕಳು, ಯಾರು ಯಾವ ಊರಲ್ಲಿ ನೆಲೆ ನಿಂತರು, ಎಲ್ಲಾ. ಕಾಳು ಕೊಟ್ಟು ಕಳಿಸುತ್ತಿದ್ದೆವು. ಈಗಲೂ ಅಲ್ಲಲ್ಲಿ ಬರುತ್ತಾರೆ, ಆದರೆ ಮನೆಯವರು ಗೇಟಿನ ಒಳಗಿಂದಲೇ ಹತ್ತು ರೂಪಾಯಿ ಕೊಟ್ಟು ‘ಆಯ್ತು, ಮುಂದೆ ಹೋಗಿ’ ಅಂತಾರೆ. (ಅದೇ ಮನೆಯ ಹುಡುಗರು ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ ತಮ್ಮ ವಂಶದ ಮೂಲ ಹುಡುಕುತ್ತಾರೆ!)

ಇನ್ನು ವೇದಿಕೆಗಳ ಕಥೆ. ನಮ್ಮ ಶಿರಾ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಪದ ಹೇಳುತ್ತಾರೆ. ದನ ಕಾಯುವ ವೀರನ ಕಥೆ, ಸೋದರಮಾವಂದಿರ ಹಗೆ, ಬಡಮೈಲ ಅನ್ನುವ ಹೋರಿ. ಆಳುದ್ದದ ಬಿದಿರಿನ ಗಣೆ ಊದುತ್ತಾರೆ, ನಿಲ್ಲಿಸಿ ಪದ ಹೇಳುತ್ತಾರೆ, ಮತ್ತೆ ಊದುತ್ತಾರೆ. ರಾತ್ರಿಯಿಡೀ ನಡೆಯುವ ಪದ ಅದು. ಇತ್ತೀಚೆಗೆ ಒಂದು ಜಾನಪದ ಉತ್ಸವಕ್ಕೆ ಹೋಗಿದ್ದೆ. ಗಣೆಯವರಿಗೆ ಕೊಟ್ಟಿದ್ದು ಹತ್ತು ನಿಮಿಷ. ಅಷ್ಟುದ್ದದ ಗಣೆಗೆ ಮೈಕ್ ಎಲ್ಲಿ ಇಡಬೇಕು ಅಂತ ಸೌಂಡ್ ಸಿಸ್ಟಮ್ ಹುಡುಗನಿಗೆ ಗೊತ್ತಾಗಲಿಲ್ಲ, ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಅದರಲ್ಲೇ ಅರ್ಧ ಹೊತ್ತು ಹೋಯಿತು. ಜುಂಜಪ್ಪ ಇನ್ನೂ ಹುಟ್ಟಿಯೇ ಇರಲಿಲ್ಲ, ಶಾಲು ಹೊದಿಸಿ ಕೆಳಗಿಳಿಸಿದರು! ಆಮೇಲೆ ಗಣ್ಯರ ಭಾಷಣ, ಅದಕ್ಕೆ ಸಮಯದ ಮಿತಿ ಇಲ್ಲ ನೋಡಿ.

ಸಮಾಧಾನವಾಗಿ ಕೂತು ಕೇಳಿದರೆ ಏನು ಸಿಗುತ್ತದೆ ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿ ಇದೆ. ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರು ತುಳುವಿನ ಸಿರಿ ಪಾಡ್ದನ, ಅಂದರೆ ಸಿರಿ ಅನ್ನುವ ಹೆಣ್ಣಿನ ಕಥೆಯ ಹಾಡು, ಹೇಳುತ್ತಿದ್ದರು. 1990ರ ಡಿಸೆಂಬರ್‌ನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಮತ್ತು ಅವರ ಜೊತೆಗಾರರು ನಾಯ್ಕರ ಮುಂದೆ ದಿನಗಟ್ಟಲೆ ಕೂತು ಕೇಳಿ ದಾಖಲು ಮಾಡಿಕೊಂಡರು. ಒಟ್ಟು 15,683 ಸಾಲು! ಗ್ರೀಕರ ಇಲಿಯಡ್ ಮಹಾಕಾವ್ಯ ಕೂಡ ಹೆಚ್ಚು ಕಡಿಮೆ ಅಷ್ಟೇ ದೊಡ್ಡದು. ನಾಯ್ಕರಿಗೂ ಹತ್ತು ನಿಮಿಷ ಕೊಟ್ಟಿದ್ದರೆ?

ಹಾಗಾಗಿ ನನ್ನ ಕೇಳಿಕೆ ಸಣ್ಣದು. ಉತ್ಸವ ಮಾಡುವವರು ಹದಿನೈದು ತಂಡ ಕರೆಸುವ ಬದಲು ಎರಡೇ ಕರೆಸಲಿ, ಊಟ ಹಾಕಿ ರಾತ್ರಿ ಪೂರಾ ಬಿಡಲಿ. ಶಾಲೆಗಳಲ್ಲಿ ಒಂದು ಶನಿವಾರ ಹೆಳವರನ್ನೋ, ಊರಿನ ಅಜ್ಜಿಯನ್ನೋ ಕೂರಿಸಲಿ, ಮೈಕ್ ಬೇಡ, ಮಕ್ಕಳು ನೆಲದ ಮೇಲೆ ಹತ್ತಿರ ಕೂತರೆ ಆಯ್ತು. ಮೊಬೈಲಲ್ಲಿ ವಿಡಿಯೊ ಮಾಡಿಕೊಳ್ಳಿ, ಬೇಡ ಅನ್ನಲ್ಲ, ಆದರೆ ಒಬ್ಬರು ಮಾಡಿದರೆ ಸಾಕು, ಮಿಕ್ಕವರು ಹೂಂಗುಟ್ಟಲಿ. ನಿಮ್ಮ ಪತ್ರಿಕೆಯೂ ‘ಇಂದಿನ ಕಾರ್ಯಕ್ರಮ’ ಕಾಲಂನಲ್ಲಿ ಯಾವ ಹಟ್ಟಿಯಲ್ಲಿ, ಯಾವ ಜಾತ್ರೆಯಲ್ಲಿ ಗಣೆ ಪದ ಇದೆ ಅಂತ ಮುಂಚೆಯೇ ಒಂದು ಸಾಲು ಹಾಕಿದರೆ ನಮ್ಮಂಥವರು ಬಸ್ಸು ಹಿಡಿದಾದರೂ ಹೋಗುತ್ತೇವೆ. ಮುಗಿದ ಮರುದಿನ ಶಾಲು ಹೊದಿಸಿದ ಫೋಟೊ ಹಾಕಿದರೆ ಏನು ಬಂತು?

– ಓದುಗ, ಶಿರಾ, ತುಮಕೂರು ಜಿಲ್ಲೆ