ಉಚಿತ ಭೇಟಿಗಾರರ ಹೆಸರಿನಲ್ಲಿ ಆರು ತಿಂಗಳು ಪಡೆದ ಹಣದ ಕುರಿತು ದೂರು

ಶಿರಸಿ ತಾಲ್ಲೂಕು, ಉತ್ತರ ಕನ್ನಡ
ದಿನಾಂಕ: 19 ಮೇ 2025

ಇವರಿಗೆ,
ವ್ಯವಸ್ಥಾಪಕರು,
ಸಾಮಾಜಿಕ ಜಾಲತಾಣ ಪ್ರಚಾರ ವಿಭಾಗ,
ಹುಬ್ಬಳ್ಳಿ ಕಚೇರಿ.

ಮಾನ್ಯರೇ,

ನಾನು ಮನೆಯಲ್ಲಿಯೇ ಅಪ್ಪೆಮಿಡಿ ಉಪ್ಪಿನಕಾಯಿ ಮತ್ತು ಹಲಸಿನ ಹಪ್ಪಳ ತಯಾರಿಸಿ, ಜೊತೆಗೆ ಊರಿನ ಆಲೆಮನೆಯ ಜೋನಿಬೆಲ್ಲವನ್ನೂ ಮಾರಿ ಜೀವನ ನಡೆಸುವವಳು. ನನ್ನ ಪುಟ್ಟ ವೆಬ್‌ಸೈಟಿಗೆ ಜಾಹೀರಾತಿನ ಖರ್ಚಿಲ್ಲದೆ, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮತ್ತು ವಾಟ್ಸಾಪ್ ಮೂಲಕ ಉಚಿತ ಭೇಟಿಗಾರರನ್ನು ಕರೆತರುವುದಾಗಿ ತಾವು ಒಪ್ಪಿದ ಮೇಲೆ, 2024ರ ನವೆಂಬರ್ 1ರಿಂದ 2025ರ ಏಪ್ರಿಲ್ 30ರವರೆಗೆ ತಿಂಗಳಿಗೆ 6,000 ರೂಪಾಯಿಯಂತೆ, ಶೇಕಡಾ 18ರ ಜಿಎಸ್‌ಟಿ ಸೇರಿ ಒಟ್ಟು 42,480 ರೂಪಾಯಿಗಳನ್ನು ಒಂದು ಕಂತೂ ತಪ್ಪದಂತೆ ಪಾವತಿಸಿದ್ದೇನೆ. ಅದಕ್ಕೆ ಪ್ರತಿಯಾಗಿ ನನಗೆ ದೊರೆತದ್ದೇನು ಎಂಬುದನ್ನು ಮಾರ್ಚ್‌ನಿಂದ ಈಚೆಗೆ ಹನ್ನೊಂದು ಸಲ ಫೋನಿನಲ್ಲಿ, ಮೂರು ಸಲ ಮೇಲ್‌ನಲ್ಲಿ, ಒಂದು ಸಲ ತಮ್ಮ ಕಚೇರಿಗೇ ಬಂದು ವಿನಯದಿಂದ ವಿಚಾರಿಸಿದ್ದಾಯಿತು. ಇನ್ನು ಮುಂದಿನದು ಬರವಣಿಗೆಯಲ್ಲಿಯೇ ಇರಲಿ.

ತಮ್ಮ ಒಪ್ಪಂದ ಪತ್ರದ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ನಿಯಮಗಳು ತಮಗೆ ತಿಳಿದೇ ಇರುತ್ತವೆ, ಬರೆದವರು ತಾವೇ. ಆದ್ದರಿಂದ ನೆನಪಿಗಷ್ಟೇ ಬರೆಯುತ್ತೇನೆ: ಗ್ರೂಪ್ ನಿರ್ವಾಹಕರ ಅನುಮತಿ ಇಲ್ಲದೆ ಏನನ್ನೂ ಹಾಕುವುದಿಲ್ಲ ಎನ್ನುತ್ತದೆ ನಾಲ್ಕನೆಯ ನಿಯಮ, ಯಂತ್ರಗಳಿಂದ ಭೇಟಿ ತರಿಸುವುದಿಲ್ಲ ಎನ್ನುತ್ತದೆ ಆರನೆಯದು, ಕೆಲಸ ಆಗದಿದ್ದರೆ ಅರ್ಧ ಹಣ ಮರಳಿಸುತ್ತೇವೆ ಎನ್ನುತ್ತದೆ ಹನ್ನೊಂದನೆಯದು.

ಮೊದಲು ಲೆಕ್ಕದ ಮಾತು. ಮಾರ್ಚ್ ತಿಂಗಳ ವರದಿಯಲ್ಲಿ ನನ್ನ ಪುಟಕ್ಕೆ 9,214 ಭೇಟಿಗಳಾಗಿವೆ ಎಂದು ಹಸಿರು ಬಾಣದ ಗುರುತು ಹಾಕಿ ತೋರಿಸಲಾಗಿತ್ತು. ಅದೇ ತಿಂಗಳು ನನಗೆ ಬಂದ ಆರ್ಡರುಗಳು ಒಂಬತ್ತು. ಒಂಬತ್ತೂ ನನ್ನ ಹಳೆಯ ಗಿರಾಕಿಗಳವು, ಎಲ್ಲವೂ ಫೋನಿನಲ್ಲಿ ಬಂದವು. ಹಿಂದಿನ ವರ್ಷ ಇದೇ ಹಂಗಾಮಿನಲ್ಲಿ, ತಮ್ಮ ನೆರವಿಲ್ಲದೆ, ಅಂಗಳದಲ್ಲಿ ಒಣಗುತ್ತಿದ್ದ ಹಪ್ಪಳದ ಒಂದು ಫೋಟೋ ಹಾಕಿ ಅದರ ಕೆಳಗೆ ಜನ ಕೇಳಿದ ಪ್ರತಿಯೊಂದು ಪ್ರಶ್ನೆಗೂ ನಾನೇ ಕುಳಿತು ಉತ್ತರ ಬರೆದಿದ್ದೆ. ಬಕ್ಕೆ ಹಲಸೋ ಬಿಳುವವೋ, ಎಷ್ಟು ದಿನದ ಬಿಸಿಲು ಬೇಕು, ಮಳೆಗಾಲದಲ್ಲಿ ಹೇಗೆ ಇಡಬೇಕು ಎಂದು ಕೇಳಿದವರೇ ಮರುದಿನ ವೆಬ್‌ಸೈಟಿಗೆ ಬಂದು 63 ಬಾಟಲಿ ಉಪ್ಪಿನಕಾಯಿ ಕಾಯ್ದಿರಿಸಿದ್ದರು. ಉಚಿತ ಭೇಟಿಗಾರರು ಎಂದರೆ ನನ್ನ ತಿಳಿವಳಿಕೆಯಲ್ಲಿ ಅಂಥವರು.

ಒಂಬತ್ತು ಸಾವಿರ ಜನ ಬಂದು ಹೋದರೂ ಒಬ್ಬರಿಗಾದರೂ ಬಾಯಿ ರುಚಿ ಇಲ್ಲವಾಯಿತೇ ಎಂದು ಅಚ್ಚರಿಪಟ್ಟು ವೆಬ್‌ಸೈಟಿಗೆ ಎಷ್ಟು ಜನ, ಎಲ್ಲಿಂದ ಬಂದರೆಂದು ಲೆಕ್ಕ ತೋರಿಸುವ ಗೂಗಲ್ ಅನಾಲಿಟಿಕ್ಸ್ ಅನ್ನು ನಾನೇ ತೆರೆದು ನೋಡಿದೆ. ಭೇಟಿಗಾರ ಹತ್ತು ಸೆಕೆಂಡಿಗಿಂತ ಹೆಚ್ಚು ನಿಂತರೆ ಅಥವಾ ಎರಡು ಪುಟವಾದರೂ ನೋಡಿದರೆ ಅದನ್ನು ನಿಜವಾಗಿ ತೊಡಗಿಕೊಂಡ ಭೇಟಿ ಎಂದು ಅದು ಬೇರೆಯಾಗಿ ಎಣಿಸುತ್ತದೆ. ಮಾರ್ಚ್‌ನಲ್ಲಿ ಅಂಥವು 31 ಇದ್ದವು. ಅದರಲ್ಲಿ ನಾಲ್ಕೈದು ನಾನೇ. ಉಳಿದ ಒಂಬತ್ತು ಸಾವಿರ ಚಿಲ್ಲರೆ ಭೇಟಿಗಳು ಯಾವ ಊರಿನವೆಂದು ನೋಡಿದರೆ, ಎಂಟು ಸಾವಿರಕ್ಕೂ ಹೆಚ್ಚು ಭೇಟಿಗಳು ಅಮೆರಿಕದ ವರ್ಜೀನಿಯಾ ರಾಜ್ಯದ ಆಶ್‌ಬರ್ನ್ ಎಂಬಲ್ಲಿಂದ ಬಂದಿದ್ದವು. ಸರಾಸರಿ ನಿಂತ ಅವಧಿ ಒಂದು ಸೆಕೆಂಡು. ಆಶ್‌ಬರ್ನ್ ಸಾವಿರಾರು ಕಂಪ್ಯೂಟರುಗಳನ್ನು ಒಟ್ಟಿಗೆ ಇಟ್ಟು ನಡೆಸುವ ಡೇಟಾ ಸೆಂಟರುಗಳಿಗೆ ಹೆಸರಾದ ಊರು, ಅಲ್ಲಿಂದ ರಾಶಿ ರಾಶಿಯಾಗಿ ಬರುವ ಭೇಟಿಗಳು ಸಾಮಾನ್ಯವಾಗಿ ಮನುಷ್ಯರವಲ್ಲ, ಯಂತ್ರಗಳವು ಎಂಬುದು ಈ ಕಸುಬಿನಲ್ಲಿರುವ ತಮಗೆ ಹೊಸ ಸುದ್ದಿಯಲ್ಲ. ನನ್ನ ಪುಟ ಪೂರ್ತಿ ಕನ್ನಡದಲ್ಲಿದೆ ಮತ್ತು ನಾನು ಕರ್ನಾಟಕದ ಹೊರಗೆ ಕೊರಿಯರ್ ಮಾಡುವುದಿಲ್ಲ ಎಂಬುದನ್ನೂ ಇಲ್ಲಿ ಸೇರಿಸಿಕೊಳ್ಳಿ.

ಇನ್ನು ಫೇಸ್‌ಬುಕ್‌ನಿಂದ ಎಷ್ಟು ಜನ, ಇನ್‌ಸ್ಟಾಗ್ರಾಂನಿಂದ ಎಷ್ಟು ಜನ ಎಂದು ಬೇರೆ ಬೇರೆಯಾಗಿ ತಿಳಿಯುವಂತೆ ಪ್ರತಿ ಲಿಂಕಿಗೂ ಗುರುತು ಸೇರಿಸುತ್ತೇವೆ ಎಂದು ತಾವು ಬರೆದುಕೊಟ್ಟಿದ್ದಿರಿ. ಒಂದಕ್ಕೂ ಸೇರಿಸಿಲ್ಲ, ಬಂದದ್ದೆಲ್ಲ, ಎಲ್ಲಿಂದ ಬಂತೆಂದು ತಿಳಿಯದಂತೆ, ನೇರ ಭೇಟಿ ಎಂಬ ಒಂದೇ ಗಂಟಿನಲ್ಲಿ ಬಿದ್ದಿದೆ. ಇನ್‌ಸ್ಟಾಗ್ರಾಂನಲ್ಲಿ 42 ಪೋಸ್ಟ್ ಹಾಕಿ, ನಲವತ್ತೆರಡರಲ್ಲೂ ಫೋಟೋದ ಕೆಳಗಿನ ಬರಹದೊಳಗೆ ನನ್ನ ವೆಬ್‌ಸೈಟಿನ ವಿಳಾಸ ಬರೆದಿದ್ದೀರಿ. ಅಲ್ಲಿ ಬರೆದ ವಿಳಾಸವನ್ನು ಒತ್ತಿದರೆ ಏನೂ ತೆರೆಯುವುದಿಲ್ಲ, ಲಿಂಕನ್ನು ಪ್ರೊಫೈಲಿನ ಬಯೋದಲ್ಲಿ ಅಥವಾ ಸ್ಟೋರಿಯ ಸ್ಟಿಕ್ಕರಿನಲ್ಲಿ ಕೊಡಬೇಕು ಎಂಬುದನ್ನು ನನಗೆ ಹೇಳಿಕೊಟ್ಟದ್ದು ಪಿಯುಸಿ ಓದುವ ನನ್ನ ಮಗಳು. ಅವಳು ಸಂಬಳ ಕೇಳಲಿಲ್ಲ. ಬಯೋ ಆರು ತಿಂಗಳೂ ಖಾಲಿ ಇತ್ತು.

ಫೋಟೋಗಳ ವಿಷಯ ಬಿಟ್ಟುಬಿಡೋಣ ಎಂದುಕೊಂಡಿದ್ದೆ, ಆಗುತ್ತಿಲ್ಲ. ಅಪ್ಪೆಮಿಡಿಯನ್ನು ನೆಲಕ್ಕೆ ಬಿದ್ದು ಪೆಟ್ಟಾಗದಂತೆ ಮರದಿಂದ ಇಳಿಸಿ, ತೊಟ್ಟು ಉಳಿಸಿ, ಇಡಿಯಾಗಿ ಉಪ್ಪಿಗೆ ಹಾಕಿ, ಅದು ಚಿರುಟಿದ ಮೇಲೆ ಮಸಾಲೆ ಬೆರೆಸುವುದು. ಭರಣಿಯ ಮುಚ್ಚಳ ತೆಗೆದರೆ ಸೊನೆಯ ಪರಿಮಳ ಜಗಲಿಯವರೆಗೆ ಬರುತ್ತದೆ. ನಾನು ಕಳಿಸಿದ ಇಪ್ಪತ್ತು ಫೋಟೋಗಳನ್ನು ಬಿಟ್ಟು ತಾವು ಎಲ್ಲಿಂದಲೋ ತಂದು ಹಾಕಿದ್ದು ಬೆಳ್ಳುಳ್ಳಿ ತೇಲುತ್ತಿರುವ, ಹೋಳು ಮಾಡಿದ ಆಂಧ್ರದ ಆವಕಾಯಿಯ ಚಿತ್ರ. ಆವಕಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಶಿರಸಿಯವಳು ಅದನ್ನು ತೋರಿಸಿ ಅಪ್ಪೆಮಿಡಿ ಎಂದು ಮಾರಲು ಹೊರಟಿದ್ದಾಳೆ ಎಂದು ನಮ್ಮವರೇ ಕೆಳಗೆ ಬರೆದು ನಕ್ಕಾಗ, ಆ ನಗು ತಮ್ಮ ಹುಬ್ಬಳ್ಳಿಯವರೆಗೆ ಕೇಳಿಸಿರಲಿಕ್ಕಿಲ್ಲ.

ನಗುವಾದರೂ ಸಹಿಸಬಹುದಿತ್ತು. ಮಾರ್ಚ್ 12ರ ಸಂಜೆ ತಮ್ಮವರು ನನ್ನ ಖಾತೆಯಿಂದ 47 ಗ್ರೂಪುಗಳಿಗೆ ಒಂದೇ ಸಂದೇಶವನ್ನು ಒಂದರ ಹಿಂದೊಂದರಂತೆ ಅಂಟಿಸಿದ್ದಾರೆ. ಅದಕ್ಕೂ ತೃಪ್ತಿಯಾಗದೆ ಹೆಚ್ಚು ಜನ ನೋಡುತ್ತಿರುವ ಪೋಸ್ಟುಗಳನ್ನು ಹುಡುಕಿ ಅವುಗಳ ಕೆಳಗೂ ಹಾಕಿದ್ದಾರೆ. ಆ ದಿನ ನಮ್ಮ ಸೀಮೆಯ ಗ್ರೂಪಿನಲ್ಲಿ ಎಲ್ಲರೂ ನೋಡುತ್ತಿದ್ದದ್ದು ನನ್ನ ತವರಿನ ಕಡೆಯ ಹಿರಿಯರೊಬ್ಬರು ತೀರಿಕೊಂಡ ಸುದ್ದಿ. ಓಂ ಶಾಂತಿ, ಸದ್ಗತಿ ದೊರಕಲಿ ಎಂಬ ಇನ್ನೂರು ಸಾಲುಗಳ ನಡುವೆ ನನ್ನ ಹೆಸರು, ನನ್ನ ಫೋಟೋ, ಅದರ ಪಕ್ಕದಲ್ಲಿ “ಬಾಯಲ್ಲಿ ನೀರೂರಿಸುವ ಅಪ್ಪೆಮಿಡಿ! ಸ್ಟಾಕ್ ಮುಗಿಯುವ ಮುನ್ನ ಇಂದೇ ಆರ್ಡರ್ ಮಾಡಿ!” ನನಗೆ ಗೊತ್ತಾದದ್ದು ಮರುದಿನ ಮಧ್ಯಾಹ್ನ. ಅಷ್ಟರೊಳಗೆ ಅದು ಸ್ಕ್ರೀನ್‌ಶಾಟ್ ಆಗಿ ಊರೆಲ್ಲ ಸುತ್ತಿತ್ತು. ವೈಕುಂಠ ಸಮಾರಾಧನೆಯ ದಿನ ಆ ಮನೆಗೆ ಹೋಗಿ ಹಿತ್ತಿಲ ಕಡೆ ನಿಂತು ಕ್ಷಮೆ ಕೇಳಿದೆ. ಅವರ ಸೊಸೆ ಏನೂ ಹೇಳಲಿಲ್ಲ. ನನ್ನನ್ನು ಊಟಕ್ಕೆ ಏಳಿ ಎಂದೂ ಹೇಳಲಿಲ್ಲ. ಆ ಗ್ರೂಪಿನಿಂದ ನನ್ನನ್ನು ತೆಗೆದುಹಾಕಲಾಯಿತು, ಆಮೇಲೆ ಗ್ರೂಪುಗಳಲ್ಲಿ ಬರೆಯದಂತೆ ಫೇಸ್‌ಬುಕ್ಕೇ ನನ್ನ ಖಾತೆಯನ್ನು ತಡೆಹಿಡಿಯಿತು. ಹಿಂದಿನ ವರ್ಷದ 63 ಬಾಟಲಿಯ ಗಿರಾಕಿಗಳಲ್ಲಿ ಹೆಚ್ಚಿನವರು ಇದ್ದದ್ದು ಅಲ್ಲಿಯೇ.

ಇದನ್ನೆಲ್ಲ ಮುಖಾಮುಖಿ ಮಾತಾಡೋಣವೆಂದು ಮೇ 6ರಂದು ನಾನು ಬೆಳಗಿನ ಬಸ್ಸು ಹಿಡಿದು ಹುಬ್ಬಳ್ಳಿಗೆ ಬಂದೆ. ಶಕ್ತಿ ಯೋಜನೆಯಿಂದಾಗಿ ಟಿಕೆಟ್ಟಿಗೆ ಹಣ ಕೊಡಬೇಕಾಗಲಿಲ್ಲ. ತಮ್ಮೊಂದಿಗಿನ ಈ ವ್ಯವಹಾರದಲ್ಲಿ ನಿಜಕ್ಕೂ ಉಚಿತವಾಗಿ ದೊರೆತದ್ದು ಆ ಪ್ರಯಾಣ ಒಂದೇ. ಹತ್ತೂವರೆಗೆ ತಮ್ಮ ಕಚೇರಿಯ ಬಾಗಿಲಲ್ಲಿ ಪುಸ್ತಕದಲ್ಲಿ ಹೆಸರು ಬರೆದೆ. ಒಳಗಿದ್ದ ಹುಡುಗ ನಾನು ಕೇಳಿಸಿಕೊಳ್ಳುತ್ತಿದ್ದೇನೆಂದು ಗೊತ್ತಿದ್ದೂ ಫೋನಿನಲ್ಲಿ, “ಸರ್, ಆ ಉಪ್ಪಿನಕಾಯಿ ಆಂಟಿ ಬಂದಾರ್ರಿ” ಎಂದ. ಆ ಕಡೆಯಿಂದ ಏನು ಬಂತೋ, ಆತ ನಕ್ಕು ಫೋನಿಟ್ಟು, ನನಗೆ ಗೋಡೆಯ ಬದಿಯ ಪ್ಲಾಸ್ಟಿಕ್ ಕುರ್ಚಿ ತೋರಿಸಿದ. ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷದವರೆಗೆ ಅಲ್ಲಿ ಕುಳಿತಿದ್ದೆ. ಅಷ್ಟರಲ್ಲಿ ಇಬ್ಬರು ಬಂದು ಕೆಲಸ ಮುಗಿಸಿಕೊಂಡು ಹೋದರು, ಒಬ್ಬಾತ ಗಿರ್ಮಿಟ್ ತಂದು ಹಂಚಿದ, ಫ್ಯಾನು ಎರಡು ಸಲ ನಿಂತಿತು. ಎದುರಿನ ಮೇಜಿನ ಮೇಲೆ ಪೆನ್ನುಗಳನ್ನು ನಿಲ್ಲಿಸಿದ್ದ ಗಾಜಿನ ಬಾಟಲಿಯೊಂದಿತ್ತು. ಬಹಳ ಹೊತ್ತು ಅದನ್ನು ನೋಡಿದ ಮೇಲೆ ಗುರುತು ಸಿಕ್ಕಿತು: ಒಪ್ಪಂದಕ್ಕೆ ಸಹಿ ಹಾಕಿದ ದಿನ ರುಚಿ ನೋಡಿ ಬರೆಯಲಿ ಎಂದು ನಾನೇ ತಂದುಕೊಟ್ಟಿದ್ದ ಬಾಟಲಿ. ನನ್ನ ಕೈಬರಹದ ಚೀಟಿ ಅರ್ಧ ಹರಿದು ‘ಅಪ್ಪೆ’ ಎಂಬಷ್ಟು ಉಳಿದಿತ್ತು. ಉಪ್ಪಿನಕಾಯಿ ಖಾಲಿಯಾಗಿದೆ, ಅಂದರೆ ರುಚಿಯ ಬಗ್ಗೆ ತಮ್ಮದೇನೂ ತಕರಾರಿಲ್ಲ.

ಕೊನೆಗೆ ಆ ಹುಡುಗನೇ ಲ್ಯಾಪ್‌ಟಾಪ್ ತಿರುಗಿಸಿ ಏರುತ್ತಿರುವ ಗೆರೆಯನ್ನು ತೋರಿಸಿ, “ಟ್ರಾಫಿಕ್ ಬಂದೈತಲ್ರೀ ಆಂಟಿ, ಮತ್ತೇನ್ ಬೇಕ?” ಎಂದು ಕೇಳಿದ. ಆಶ್‌ಬರ್ನ್ ಎಂದೆ. “ಅಮೆರಿಕಾದಾಗ ನಮ್ಮ ಕನ್ನಡದವ್ರು ಭಾಳ ಮಂದಿ ಅದಾರ್ರೀ, ಅವ್ರ ನೋಡ್ಯಾರ” ಎಂದ. ಎಂಟು ಸಾವಿರ ಕನ್ನಡಿಗರು ಒಂದೇ ಊರಿನಲ್ಲಿ ಕುಳಿತು, ತಲಾ ಒಂದು ಸೆಕೆಂಡು ನೋಡಿ, ಒಬ್ಬರೂ ಎರಡನೆಯ ಪುಟ ತೆರೆಯದೆ ಹೋದರೇ ಎಂದು ಕೇಳಿ, ಆ ಹತ್ತು ಸೆಕೆಂಡಿನ ಲೆಕ್ಕವನ್ನು ತೆರೆದು ತೋರಿಸು ಎಂದೆ. ಆತ ಲ್ಯಾಪ್‌ಟಾಪನ್ನು ತನ್ನ ಕಡೆಗೆ ತಿರುಗಿಸಿಕೊಂಡ. “ಅದೆಲ್ಲಾ ಟೆಕ್ನಿಕಲ್ ಐತ್ರಿ, ನಿಮಗ ತಿಳಿಯಂಗಿಲ್ಲ. ಮನ್ಯಾಗ ಮಗ ಇದ್ರ ಕಳಸ್ರಿ, ಹೇಳ್ತೀವಿ.” ನನಗಿರುವುದು ಮಗಳು ಎಂದೆ. “ಹಂಗಾರ ಯಜಮಾನ್ರನ್ನ ಕರ್ಕೊಂಡ್ ಬರ್ರಿ.” ಪಕ್ಕದ ಮೇಜಿನವರು ಗಿರ್ಮಿಟ್ ತಿನ್ನುವುದನ್ನು ನಿಲ್ಲಿಸಿ ನೋಡುತ್ತಿದ್ದರು. ನಮ್ಮ ಯಜಮಾನರು ಅಡಿಕೆ ತೋಟಕ್ಕೆ ಬೋರ್ಡೋ ಔಷಧಿ ಹೊಡೆಸಿದ ಲೆಕ್ಕವನ್ನೂ ನನ್ನ ಕೈಯಲ್ಲೇ ಬರೆಸುವವರು ಎಂದು ಹೇಳಬೇಕೆನಿಸಿತು, ಹೇಳಲಿಲ್ಲ. ಶೋಕದ ಪೋಸ್ಟಿನ ಸ್ಕ್ರೀನ್‌ಶಾಟ್ ತೆಗೆದು ಅವನ ಮುಂದೆ ಹಿಡಿದೆ. ಆತ ಅದನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡಿ, “ರೀಚ್ ಚೊಲೋ ಬಂದಿತ್ರೀ ಇದಕ್ಕ, ಭಾಳ ಮಂದಿ ನೋಡ್ಯಾರ” ಎಂದ.

ನಾನು ಎದ್ದು ಬಂದೆ. ಬಾಟಲಿಯನ್ನು ತೆಗೆದುಕೊಂಡು ಬರಬೇಕಾಗಿತ್ತು ಎಂದು ಹೊಳೆದದ್ದು ಬಸ್ಸು ಮುಂಡಗೋಡ ದಾಟಿದ ಮೇಲೆ.

ವ್ಯಂಗ್ಯವಿಲ್ಲದೆ ಬರೆಯಬೇಕೆಂದು ನಿರ್ಧರಿಸಿಯೇ ಈ ಪತ್ರಕ್ಕೆ ಕುಳಿತೆ. ಅಲ್ಲಲ್ಲಿ ಕೈ ಜಾರಿದ್ದರೆ ಅದಕ್ಕೆ ಕ್ಷಮೆ ಕೇಳುವುದಿಲ್ಲ. ಮೇ 31ರೊಳಗೆ ಪೂರ್ತಿ 42,480 ರೂಪಾಯಿಗಳು ನನ್ನ ಖಾತೆಗೆ ಮರಳಬೇಕು. ಹನ್ನೊಂದನೆಯ ನಿಯಮದಂತೆ ಅರ್ಧ ಕೊಡುತ್ತೇವೆ ಎನ್ನಬೇಡಿ. ಆ ನಿಯಮ ಕೆಲಸ ಆಗದಿದ್ದಾಗಿನದು, ಇಲ್ಲಿ ಆಗಿರುವುದು ಕೆಲಸ ಕೆಡಿಸಿದ್ದು. ನನ್ನ ಹೆಸರಿನಲ್ಲಿ ಹಾಕಿರುವ ಎಲ್ಲ ಸಂದೇಶಗಳನ್ನು ತಾವೇ ಹುಡುಕಿ ತೆಗೆಯಬೇಕು. ಪಾಸ್‌ವರ್ಡ್‌ಗಳನ್ನು ನಾನು ಆಗಲೇ ಬದಲಿಸಿದ್ದೇನೆ.

ತಪ್ಪಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆ ಮತ್ತು ಅನುಚಿತ ವ್ಯಾಪಾರ ಪದ್ಧತಿಗಾಗಿ ದೂರು ದಾಖಲಿಸುತ್ತೇನೆ. ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದಾದ್ದರಿಂದ ನಾನು ಹುಬ್ಬಳ್ಳಿಗೆ ಬರಬೇಕಾಗಿಲ್ಲ; ತಾವು ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಅಂಕೋಲಾ ಮೂಲಕ ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಬರಬೇಕಾಗುತ್ತದೆ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ದೂರಿನ ಶುಲ್ಕವಿಲ್ಲ, ಕಾಲಾವಕಾಶ ಎರಡು ವರ್ಷ ಇದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಯೂ ಹೋಗುತ್ತದೆ. ವ್ಯಾಪಾರಕ್ಕಾಗಿ ಪಡೆದ ಸೇವೆಗೆ ಗ್ರಾಹಕರ ಕಾನೂನು ಅನ್ವಯಿಸುವುದಿಲ್ಲ ಎಂದು ತಮ್ಮ ವಕೀಲರು ವಾದಿಸಬಹುದು. ವಾದಿಸಲಿ. ಹೊಟ್ಟೆಪಾಡಿಗೆ ಉಪ್ಪಿನಕಾಯಿ ಹಾಕುವವಳು ಎಂಥ ದೊಡ್ಡ ವ್ಯಾಪಾರಿ ಎಂಬುದನ್ನು ಕಾರವಾರದಲ್ಲಿ ಭರಣಿ ಸಮೇತ ತೋರಿಸುತ್ತೇನೆ.

ಅಷ್ಟರವರೆಗೆ ಸುಮ್ಮನೆ ಕುಳಿತಿರುತ್ತೇನೆ ಎಂದು ತಿಳಿಯಬೇಡಿ. ಫೇಸ್‌ಬುಕ್ ನನ್ನ ತಡೆಯನ್ನು ತೆರವುಗೊಳಿಸಿದೆ. ತಮ್ಮ ಮೇಜಿನ ಮೇಲಿನ ಪೆನ್ನಿನ ಬಾಟಲಿಯ ಫೋಟೋ ಅಂದೇ ತೆಗೆದುಕೊಂಡಿದ್ದೇನೆ. ಜೂನ್ 1ರ ಬೆಳಿಗ್ಗೆ, ಜನ ಚಹಾ ಕುಡಿಯುತ್ತ ಫೋನ್ ನೋಡುವ ಹೊತ್ತಿಗೆ, ಆ ಫೋಟೋ ಮತ್ತು ಈ ಪತ್ರ ನನ್ನ ಪುಟದಲ್ಲಿರುತ್ತವೆ. ಕೆಳಗೆ ಯಾರು ಏನು ಕೇಳಿದರೂ ಒಬ್ಬೊಬ್ಬರಿಗೂ ನಾನೇ ಉತ್ತರಿಸುತ್ತೇನೆ, ಗ್ರೂಪ್ ನಿರ್ವಾಹಕರ ಅನುಮತಿ ಕೇಳಿಯೇ ಹಂಚುತ್ತೇನೆ. ತಮ್ಮ ಕಂಪನಿಯ ವೆಬ್‌ಸೈಟಿನ ಲಿಂಕನ್ನೂ, ಭೇಟಿಗಳು ಎಲ್ಲಿಂದ ಬಂದವೆಂದು ತಮಗೆ ಸ್ಪಷ್ಟವಾಗಿ ಕಾಣುವಂತೆ ಗುರುತು ಸೇರಿಸಿ, ಅಲ್ಲಿಯೇ ಕೊಡುತ್ತೇನೆ. ಒತ್ತಿದರೆ ತೆರೆಯುತ್ತದೆ, ಮಗಳು ಪರೀಕ್ಷಿಸಿದ್ದಾಳೆ. ಬರುವವರು ಆಶ್‌ಬರ್ನ್‌ನವರಾಗಿರುವುದಿಲ್ಲ, ಒಂದು ಸೆಕೆಂಡಿಗೆ ಎದ್ದು ಹೋಗುವವರೂ ಅಲ್ಲ. ಇದಕ್ಕೆ ತಮ್ಮಿಂದ ಹಣ ಪಡೆಯುವುದಿಲ್ಲ.

ಇಂತಿ,
ತಮ್ಮ ಪುಸ್ತಕದಲ್ಲಿ ಮೇ 6ರಂದು ಹೆಸರು ಬರೆದ ಗ್ರಾಹಕಿ